ವಸಿಯ್ಯತ್ ಬರೆದಿಡಿ, ಮಕ್ಕಳ ಹೊರೆ ಇಳಿಸಿ
(ಜುಮುಆ ಖುತುಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಅವನ ಶಾಂತಿ, ಅನುಗ್ರಹಗಳಿರಲಿ.

ಕಿರಾಣಿ ಅಂಗಡಿ ನಡೆಸುತ್ತಿದ್ದ ಒಬ್ಬ ಸಹೋದರರು ಹಠಾತ್ತನೆ ತೀರಿಕೊಂಡರು. ತಿಂಗಳ ನಂತರ ಒಬ್ಬರು ಮನೆಗೆ ಬಂದು, ‘ನಿಮ್ಮ ತಂದೆಗೆ ಎರಡು ಲಕ್ಷ ಕೈಗಡ ಕೊಟ್ಟಿದ್ದೆ’ ಎಂದರು. ಬಂದವರು ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವರು. ಮಕ್ಕಳ ಬಳಿ ಒಂದು ಚೀಟಿಯೂ ಇರಲಿಲ್ಲ. ಕೊಡದಿದ್ದರೆ ತಂದೆ ಸಾಲದ ಹೊರೆಯೊಂದಿಗೆ ಅಲ್ಲಾಹನ ಮುಂದೆ ನಿಲ್ಲಬೇಕಾದೀತೆಂಬ ಭಯ. ಕೊಟ್ಟರೆ, ತಂದೆ ಮೊದಲೇ ತೀರಿಸಿದ್ದರೋ ಏನೋ ಎಂಬ ಸಂಶಯ. ಅಣ್ಣ ಕೊಡೋಣ ಎಂದ, ತಮ್ಮ ಬೇಡ ಎಂದ. ತಂದೆ ಬರೆಯದೆ ಬಿಟ್ಟ ಒಂದೇ ಸಾಲು ಇಬ್ಬರನ್ನೂ ದೂರ ಮಾಡಿತು.

ಕುರ್‌ಆನಿನ ಅತಿ ದೀರ್ಘ ವಚನ ಯಾವುದು ಗೊತ್ತೇ? ಅಲ್ ಬಕರಃ ಅಧ್ಯಾಯದ 282ನೆಯ ವಚನ. ಅದರ ವಿಷಯ, ಸಾಲವನ್ನು ಬರೆದಿಡುವುದು. ಅನ್ನಿಸಾ ಅಧ್ಯಾಯದ 11 ಮತ್ತು 12ನೆಯ ವಚನಗಳು ವಾರಸುದಾರರ ಪಾಲುಗಳನ್ನು ತಿಳಿಸುತ್ತಾ, ಮೃತರ ವಸಿಯ್ಯತ್ ಮತ್ತು ಸಾಲ ತೀರಿದ ಮೇಲೆಯೇ ಹಂಚಿಕೆ ಎಂದು ಮತ್ತೆ ಮತ್ತೆ ನೆನಪಿಸುತ್ತವೆ. ಸಾಲವೇ ಗೊತ್ತಿಲ್ಲದಿದ್ದರೆ ಮಕ್ಕಳು ತೀರಿಸುವುದು ಹೇಗೆ?

ಮೂರು ದೀನಾರ್ ಸಾಲವಿದ್ದ, ತೀರಿಸಲು ಏನನ್ನೂ ಬಿಟ್ಟುಹೋಗದ ಒಬ್ಬರ ಜನಾಝಾ ಬಂದಾಗ, ನೀವೇ ನಮಾಝ್ ಮಾಡಿ ಎಂದು ಪ್ರವಾದಿ(ಸ)ರು ಸಹಾಬಿಗಳಿಗೆ ಹೇಳಿದರು. ಹಝ್ರತ್ ಅಬೂ ಕತಾದ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ಬಳಿಕವೇ ಪ್ರವಾದಿ(ಸ)ರು ನಮಾಝ್ ನಿರ್ವಹಿಸಿದರೆಂದು ಬುಖಾರಿಯಲ್ಲಿದೆ. ವಸಿಯ್ಯತ್ ಮಾಡಬೇಕಾದ ವಿಷಯವಿರುವ ಮುಸ್ಲಿಮನು, ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದು ಸರಿಯಲ್ಲ ಎಂಬುದೂ ಪ್ರವಾದಿ(ಸ)ರ ಉಪದೇಶವೇ.

ಹಾಗಾದರೆ ಏನು ಬರೆಯಬೇಕು? ಒಂದು ನೋಟ್‌ಬುಕ್ ಸಾಕು. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು. ಯಾರ ಅಮಾನತ್ತು ನಮ್ಮಲ್ಲಿದೆ. ಪತ್ನಿಯ ಮಹ್ರ್ ಬಾಕಿ ಇದೆಯೇ, ಝಕಾತ್ ಉಳಿದಿದೆಯೇ. ಯಾವ ಬ್ಯಾಂಕಿನ ಯಾವ ಶಾಖೆ, ಯಾವ ವಿಮೆ, ಮನೆಪತ್ರ ಎಲ್ಲಿದೆ. ಪಿನ್ ನಂಬರ್ ಬರೆಯುವುದು ಬೇಡ. ಸಾಲ ತೀರಿದ ದಿನವೇ ಅದನ್ನೂ ಬರೆಯಿರಿ. ನೋಟ್‌ಬುಕ್ ಎಲ್ಲಿದೆ ಎಂದು ಪತ್ನಿಗೂ ನಂಬಿಕಸ್ಥರೊಬ್ಬರಿಗೂ ತಿಳಿಸಿರಿ.

10 ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಆದರೆ ಖಾತೆ ಇತ್ತೆಂದು ಗೊತ್ತಿದ್ದರೆ ತಾನೇ ಕೇಳುವುದು? ಇನ್ನೊಂದು ಮಾತು: ಖಾತೆಗೆ ನಾಮಿನಿ ಆದವರು ಆ ಹಣದ ಒಡೆಯರಲ್ಲ. ಅದನ್ನು ಪಡೆದು ಎಲ್ಲ ವಾರಸುದಾರರಿಗೆ ತಲುಪಿಸುವ ಹೊಣೆಗಾರರು. ಹಿರಿಯ ಮಗ ನಾಮಿನಿ ಎಂದು ಹೆಣ್ಣುಮಕ್ಕಳ ಪಾಲು ನುಂಗುವುದು ಅಲ್ಲಾಹನು ನಿಶ್ಚಯಿಸಿದ ಹಕ್ಕನ್ನು ನುಂಗಿದಂತೆ.

ವಸಿಯ್ಯತ್ತಿಗೂ ಮಿತಿಯಿದೆ. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಪ್ರವಾದಿ(ಸ)ರು ಮೂರನೆಯ ಒಂದು ಭಾಗವನ್ನು ಅನುಮತಿಸಿ, ಅದೂ ಹೆಚ್ಚೇ ಎಂದರು. ಪಾಲು ಸಿಗುವ ವಾರಸುದಾರರಿಗೆ ವಸಿಯ್ಯತ್ ಇಲ್ಲ. ಪಾಲು ಸಿಗದ ಬಡ ಬಂಧುವಿಗೆ, ಯತೀಮರಿಗೆ, ಮಸೀದಿ-ಮದ್ರಸಕ್ಕೆ ಕೊಡಬಹುದು. ಇಬ್ಬರು ಸಾಕ್ಷಿಗಳ ಸಹಿ ಇರಲಿ.

ಗಲ್ಫ್‌ನಲ್ಲಿ ದುಡಿಯುವ ಸಹೋದರರೇ, ನಿಮ್ಮ ಕಂಪನಿಯ ವಿಳಾಸ, ಪಾಸ್‌ಪೋರ್ಟಿನ ಪ್ರತಿ, ಬರಬೇಕಾದ ಸಂಬಳದ ವಿವರ ಮನೆಯಲ್ಲಿರಲಿ. ಮರಣ ಅಲ್ಲೇ ಬಂದರೆ ಅಲ್ಲೇ ದಫನ ಮಾಡಲಿ ಎಂಬ ಇಚ್ಛೆಯಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಒಂದು ಮಾತು, ಅಳುವ ತಾಯಿ ಮತ್ತು ಪತ್ನಿಯ ನಡುವಿನ ವಾದವನ್ನು ತಪ್ಪಿಸೀತು.

ಬರೆದರೆ ಮರಣ ಬೇಗ ಬರುವುದಿಲ್ಲ, ಬರೆಯದಿದ್ದರೆ ತಡವಾಗುವುದೂ ಇಲ್ಲ. ಇಂದು ಮಗ್ರಿಬ್ ನಮಾಝಿನ ಬಳಿಕ ಮನೆಯವರ ಜೊತೆ ಕುಳಿತು ಮೊದಲ ಪುಟ ಬರೆಯಿರಿ.

ನಮ್ಮ ಸಾಲಗಳನ್ನು ಬದುಕಿರುವಾಗಲೇ ತೀರಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ನಮ್ಮ ಮರಣದ ನಂತರ ನಮ್ಮ ಮಕ್ಕಳನ್ನು ಒಗ್ಗಟ್ಟಿನಲ್ಲಿಡಲಿ. ಆಮೀನ್.