ಏತದ ಮರ ಮತ್ತು ಬಲದ ಭ್ರಾಮಕ

ಸನ್ನೆ, ತಕ್ಕಡಿ ಹಾಗೂ ಏತಗಳ ಮಾದರಿಗಳನ್ನು ಒಂದೇ ಸೂರಿನಡಿ ಜೋಡಿಸಿರುವ ಈ ಶಾಲಾ ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನೆಯ ಸಂದರ್ಭದಲ್ಲಿ ಮೊದಲು ಹೇಳಬೇಕಾದ ಮಾತೆಂದರೆ, ಬಲವು ವಸ್ತುವನ್ನು ತಳ್ಳುವುದಷ್ಟೇ ಅಲ್ಲ, ಒಂದು ಬಿಂದುವಿನ ಸುತ್ತ ತಿರುಗಿಸಲೂ ಬಲ್ಲದು ಎಂಬುದು. ಈ ತಿರುಗಿಸುವ ಪರಿಣಾಮಕ್ಕೆ ಬಲದ ಭ್ರಾಮಕ ಎಂದು ಹೆಸರು. ಆಧಾರಬಿಂದುವಿನಿಂದ ಬಲದ ಕ್ರಿಯಾರೇಖೆಗೆ ಇರುವ ಲಂಬದೂರದಿಂದ ಬಲವನ್ನು ಗುಣಿಸಿದರೆ ಅದರ ಬೆಲೆ ನ್ಯೂಟನ್-ಮೀಟರ್‌ಗಳಲ್ಲಿ ದೊರೆಯುತ್ತದೆ. ಎರಡು ತೂಕಗಳು ತಮ್ಮ ಪ್ರಮಾಣಕ್ಕೆ ವಿಲೋಮವಾದ ದೂರಗಳಲ್ಲಿದ್ದರೆ ಸಮತೋಲ ಹೊಂದುತ್ತವೆಂದು ಕ್ರಿ.ಪೂ. 3ನೆಯ ಶತಮಾನದಲ್ಲಿಯೇ ಆರ್ಕಿಮಿಡೀಸ್ ರೇಖಾಗಣಿತದ ಕ್ರಮದಲ್ಲಿ ಸಾಧಿಸಿದ್ದನು.

ಪಂಪ್‌ಸೆಟ್ ಬರುವ ಮುನ್ನ ದಕ್ಷಿಣ ಭಾರತದ ಬಾವಿಗಳಲ್ಲಿ ನೀರೆತ್ತುತ್ತಿದ್ದ ಏತಗಳಲ್ಲಿ ಒಂದು ಬಗೆಯು ಈ ನಿಯಮವನ್ನು ಮನುಷ್ಯನ ನಡಿಗೆಯಿಂದಲೇ ದುಡಿಸಿಕೊಳ್ಳುತ್ತಿತ್ತು. ಕಂಬದ ಮೇಲೆ ಅಡ್ಡಲಾಗಿ ಕೂರಿಸಿದ ಮರದ ಒಂದು ತುದಿಗೆ ನೀರಿನ ಪಾತ್ರೆಯನ್ನು ತೂಗುಬಿಟ್ಟು, ಏತ ತುಳಿಯುವವನು ಆ ಮರದ ಮೇಲೆಯೇ ಹಿಂದೆ ಮುಂದೆ ನಡೆಯುತ್ತಿದ್ದನು. ಮರದ ಸ್ವಂತ ತೂಕವನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಕಂಬದಿಂದ 3 ಮೀಟರ್ ದೂರದಲ್ಲಿ ತೂಗುವ 400 ನ್ಯೂಟನ್ ಭಾರದ ಭ್ರಾಮಕ 1200 ನ್ಯೂಟನ್-ಮೀಟರ್. 600 ನ್ಯೂಟನ್ ತೂಕದ ಆಳು ಎದುರು ಬದಿಯಲ್ಲಿ 2 ಮೀಟರ್ ದೂರಕ್ಕೆ ಬಂದಾಗ ಅದು ಸರಿದೂಗುತ್ತದೆ, ಇನ್ನೊಂದು ಹೆಜ್ಜೆ ಇಟ್ಟರೆ ಪಾತ್ರೆ ಮೇಲೇಳುತ್ತದೆ. ಸಮತೋಲದ ಹೊತ್ತಿನಲ್ಲಿ ಕಂಬವು 1000 ನ್ಯೂಟನ್ ಬಲದಿಂದ ಮರವನ್ನು ಎತ್ತಿಹಿಡಿದಿರುತ್ತದೆ, ಏಕೆಂದರೆ ಭ್ರಾಮಕಗಳ ಮೊತ್ತ ಸೊನ್ನೆಯಾದರೆ ಸಾಲದು, ಬಲಗಳ ಮೊತ್ತವೂ ಸೊನ್ನೆಯಾಗಬೇಕು.

ಪಠ್ಯಪುಸ್ತಕದ ಲೆಕ್ಕಗಳಲ್ಲಿ ಹಲಗೆ ಸಾಮಾನ್ಯವಾಗಿ ಮಟ್ಟಸವಾಗಿರುವುದರಿಂದ ‘ಲಂಬದೂರ’ ಎಂಬ ಪದ ವಿದ್ಯಾರ್ಥಿಗಳ ಕಣ್ತಪ್ಪಿ ಹೋಗುತ್ತದೆ. ಇದು ಬೋಧನಾಕ್ರಮದ ಕೊರತೆಯೇ ಹೊರತು ಮಕ್ಕಳದಲ್ಲ. ಮರ ಓರೆಯಾದಾಗ ಎರಡೂ ಬದಿಯ ಲಂಬದೂರಗಳು ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ, ಆದ್ದರಿಂದ ಬಾಗುವಿಕೆಯೊಂದೇ ಮರವನ್ನು ಹಿಂದಕ್ಕೆ ತರಲಾರದು, ಆಳು ಸ್ಥಳ ಬದಲಿಸಲೇಬೇಕು. ತಕ್ಕಡಿಯ ಸಂಗತಿ ಬೇರೆ: ಅದರ ದಂಡದ ಗುರುತ್ವಕೇಂದ್ರವು, ಎಂದರೆ ಇಡೀ ತೂಕ ನೆಲೆಸಿದಂತೆ ವರ್ತಿಸುವ ಬಿಂದುವು, ಆಧಾರಕ್ಕಿಂತ ತುಸು ಕೆಳಗಿರುವುದರಿಂದ, ದಂಡ ವಾಲಿದೊಡನೆ ಆ ಬಿಂದು ಪಕ್ಕಕ್ಕೆ ಸರಿದು ಅದನ್ನು ಮತ್ತೆ ಮಟ್ಟಕ್ಕೆ ಎಳೆಯುವ ಭ್ರಾಮಕವೊಂದು ಹುಟ್ಟುತ್ತದೆ. ಇಂಥದ್ದಕ್ಕೆ ಸ್ಥಿರ ಸಮತೋಲ ಎನ್ನುತ್ತಾರೆ.

ಏತ ಮತ್ತು ತಕ್ಕಡಿಗಳ ಮಾದರಿಗಳನ್ನು ವೀಕ್ಷಕರು ಕೈಯಿಂದ ಓರೆ ಮಾಡಿ ಬಿಟ್ಟು ಈ ವ್ಯತ್ಯಾಸವನ್ನು ಪರೀಕ್ಷಿಸಬಹುದು; ಪ್ರದರ್ಶನವು ಈಗಿನಿಂದ ಸಾರ್ವಜನಿಕರಿಗೆ ತೆರೆದಿದೆ.