ಒತ್ತಡ ಯಾರ ಮೇಜಿನ ಮೇಲೆ ನಿಲ್ಲಬೇಕು?

(ಕಾರ್ಖಾನೆಗಳ ಸಿಬ್ಬಂದಿ ಮತ್ತು ಕಾರ್ಮಿಕ ಕಲ್ಯಾಣಾಧಿಕಾರಿಗಳ ಸಮ್ಮೇಳನದಲ್ಲಿ ಮಾಡಿದ ಅಧ್ಯಕ್ಷ ಭಾಷಣ)



ಆಹ್ವಾನ ಪತ್ರಿಕೆಯಲ್ಲಿ ಈ ವರ್ಷದ ಆಶಯವಾಗಿ ‘ಜನರೇ ಮೊದಲು’ ಎಂದು ಅಚ್ಚಾಗಿದೆ. ಯಾರೂ ಬೇಡವೆನ್ನದ ಮಾತು. ಇದೇ ಅರ್ಥದ ಫಲಕವನ್ನು ಗೇಟಿನ ಬಳಿ ತೂಗುಹಾಕದ ಕಾರ್ಖಾನೆ ಈಗ ಅಪರೂಪ. ಆದ್ದರಿಂದ ಸಹಾನುಭೂತಿ ಬೇಕೋ ಬೇಡವೋ, ಧೈರ್ಯ ಒಳ್ಳೆಯದೋ ಅಲ್ಲವೋ ಎಂದು ಇಲ್ಲಿ ನಿಂತು ವಾದ ಹೂಡುವುದಿಲ್ಲ. ನನಗೆ ಕೇಳಬೇಕೆನಿಸಿರುವುದು ಬೇರೆ. ಗೇಟಿನ ಬಳಿ ಬರೆದ ಆ ಮಾತು ಲೈನಿನ ಕೊನೆಯ ಮಿಷನ್ನಿನವರೆಗೆ ಯಾಕೆ ಹೋಗುವುದಿಲ್ಲ? ದಾರಿಯಲ್ಲಿ ಎಲ್ಲಿ ನಿಂತುಬಿಡುತ್ತದೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರಿಗೆ ಅನುಕೂಲವಾಗಲಿ. ಮೇಲಿನಿಂದ ಬರುವ ಒತ್ತಡವನ್ನು ತಮ್ಮ ಮೇಜಿನ ಮೇಲೆ ತಡೆದು ನಿಲ್ಲಿಸಿಕೊಳ್ಳುವವರು ನಾಯಕರು. ಬಂದದ್ದನ್ನು ಬಂದ ಹಾಗೇ ಕೆಳಕ್ಕೆ ದಾಟಿಸುವವರು ಎಷ್ಟು ನಯವಾಗಿ ಮಾತಾಡಿದರೂ ಟಪಾಲು ಹಂಚುವವರಷ್ಟೇ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ನವರು. ಅಲ್ಲಿಂದಲೇ ಶುರುಮಾಡೋಣ. ಪೀಣ್ಯವಾಗಲಿ, ಬೊಮ್ಮನಹಳ್ಳಿಯಾಗಲಿ, ಮದ್ದೂರಿನ ಕಡೆಯ ಘಟಕವಾಗಲಿ, ಲೈನಿನ ತುದಿಯಲ್ಲೊಂದು ಬಿಳಿ ಬೋರ್ಡು ಇರುತ್ತದೆ. ಒಂಬತ್ತರಿಂದ ಹತ್ತು, ಹತ್ತರಿಂದ ಹನ್ನೊಂದು ಎಂದು ಗಂಟೆಗೊಂದು ಮನೆ. ಒಂದು ಕಡೆ ಟಾರ್ಗೆಟ್, ಪಕ್ಕದಲ್ಲಿ ಬಂದ ಪೀಸು. ಕಡಿಮೆ ಬಿದ್ದರೆ ಕೆಂಪು ಮಾರ್ಕರ್. ಗಂಟೆ ಮುಗಿಯುತ್ತಿದ್ದಂತೆ ಬೋರ್ಡಿನ ಫೋಟೊ ಪ್ರೊಡಕ್ಷನ್ ಮ್ಯಾನೇಜರರ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಅವರನ್ನು ಅದರ ಬಗ್ಗೆ ಮರ್ಚಂಡೈಸರ್ ಕೇಳುತ್ತಾರೆ, ಮರ್ಚಂಡೈಸರನ್ನು ಹೊರದೇಶದ ಬಯ್ಯರ್ ಕೇಳುತ್ತಾರೆ. ಹಡಗಿನಲ್ಲಿ ಹೋಗಬೇಕಾದ ಮಾಲು ತಡವಾಗಿ ವಿಮಾನ ಹತ್ತಿದರೆ ಅದರ ಖರ್ಚು ಬರುವುದು ಕಾರ್ಖಾನೆಯ ತಲೆಗೇ. ಹೀಗೆ ಎಲ್ಲೋ ಸಮುದ್ರದಾಚೆ ಹುಟ್ಟಿದ ಆತುರ ಒಂದೊಂದೇ ಮೇಜು ದಾಟಿ, ಕಾಲರ್ ಕೂರಿಸುವ ಹೆಣ್ಣುಮಗಳ ಕಿವಿಯ ಹತ್ತಿರ ಬಂದು ಬೈಗುಳವಾಗುತ್ತದೆ.

ಬೈಯುವವರು ಸೂಪರ್‌ವೈಸರ್. ನಮ್ಮ ತರಬೇತಿಗಳಲ್ಲೆಲ್ಲ ಖಳನಾಯಕರ ಪಾತ್ರ ಅವರಿಗೇ ಮೀಸಲು. ಆದರೆ ಅವರಲ್ಲಿ ಅನೇಕರು ಅದೇ ಮಿಷನ್ನಿನ ಮೇಲೆ ಕೂತು ಹೊಲಿದು ಮೇಲೆ ಬಂದವರು. ಸಂಬಳ ಟೈಲರಿಗಿಂತ ಒಂದಿಷ್ಟು ಹೆಚ್ಚು, ಅಷ್ಟೆ. ಒಂದು ಘಟಕದಲ್ಲಿ ಜೋರುಬಾಯಿ ಎಂದು ಹೆಸರಾದ ಸೂಪರ್‌ವೈಸರ್ ಮೇಲೆ ದೂರು ಬಂದು, ವಿಚಾರಣೆಗೆ ನಾನೇ ಕೂತಿದ್ದೆ. ಅವರು ವಾದ ಮಾಡಲಿಲ್ಲ. ಮೊಬೈಲ್ ತೆಗೆದು, ಅಂದು ಬೆಳಿಗ್ಗೆ ತಮಗೆ ಬಂದ ವಾಯ್ಸ್ ಮೆಸೇಜ್ ಹಾಕಿ ನನ್ನ ಮುಂದಿಟ್ಟರು. ಮ್ಯಾನೇಜರರು ಅವರಿಗೆ ಅಂದದ್ದೂ, ಅವರು ಆ ಹೆಣ್ಣುಮಗಳಿಗೆ ಅಂದದ್ದೂ ಹೆಚ್ಚುಕಡಿಮೆ ಒಂದೇ ಮಾತು. ದಾರಿಯಲ್ಲಿ ಬಹುವಚನ ಹೋಗಿ ಏಕವಚನವಾಗಿತ್ತು. ಇದರಿಂದ ಅವರ ತಪ್ಪು ಕರಗಲಿಲ್ಲ, ಎಚ್ಚರಿಕೆ ಪತ್ರ ಹೋಯಿತು. ಮೆಸೇಜ್ ಕಳಿಸಿದವರಿಗೆ ಯಾವ ಪತ್ರವೂ ಹೋಗಲಿಲ್ಲ. ಅಂಥದ್ದಕ್ಕೆ ನಮ್ಮಲ್ಲಿ ನಮೂನೆಯೇ ಇಲ್ಲ.

ಈ ಹಿನ್ನೆಲೆಯಲ್ಲಿ ಮುಟ್ಟಿನ ರಜೆಯ ವಿಷಯ ನೋಡಿ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಚೇರಿಯಷ್ಟೇ ಅಲ್ಲ, ಖಾಸಗಿ ಕಾರ್ಖಾನೆಗಳೂ ಅದರೊಳಗೆ ಬಂದವು. ನೀತಿ ಒಳ್ಳೆಯದು, ನನಗೆ ಅನುಮಾನವಿಲ್ಲ. ಆದರೆ ಬೆಳಿಗ್ಗೆ ಪಾಳಿ ಶುರುವಾಗುವ ಹೊತ್ತಿಗೆ ಆ ಹೆಣ್ಣುಮಗಳು ರಜೆ ಕೇಳಬೇಕಾದ್ದು ಯಾರನ್ನು? ಬೋರ್ಡಿನ ಪಕ್ಕ ಮಾರ್ಕರ್ ಹಿಡಿದು ನಿಂತ ಗಂಡಸನ್ನು. ಅಕ್ಕಪಕ್ಕದ ಮಿಷನ್ನಿನವರೆಲ್ಲ ಕೇಳಿಸಿಕೊಳ್ಳುವಂತೆ. ಅವರಾದರೂ ಹೂಂ ಎನ್ನುವುದು ಹೇಗೆ? ಕಾಲರಿನವಳು ಬರದಿದ್ದರೆ ಅವಳ ಹಿಂದೆ ಬಂಡಲ್‌ಗಳು ರಾಶಿ ಬೀಳುತ್ತವೆ, ಮುಂದಿನವಳಿಗೆ ಕೆಲಸವಿಲ್ಲ, ಬೋರ್ಡು ಮಧ್ಯಾಹ್ನದೊಳಗೆ ಕೆಂಪಾಗುತ್ತದೆ. ಆ ಕೆಂಪಿಗೆ ಉತ್ತರ ಕೊಡಬೇಕಾದವರು ಅವರೊಬ್ಬರೇ.

ಇಲ್ಲಿ ಸೂಪರ್‌ವೈಸರಿಗೆ ಕರುಣೆಯ ಪಾಠ ಹೇಳಿ ಪ್ರಯೋಜನವಿಲ್ಲ. ಲೈನಿಗಿಷ್ಟು ಎಂದು ಬದಲಿ ಟೈಲರ್‌ಗಳನ್ನು ಇಟ್ಟರೆ, ರಜೆ ಚೀಟಿ ಟೈಮ್ ಆಫೀಸಿನ ಮೇಡಂ ಕೈಗೆ ಹೋಗುವಂತೆ ಮಾಡಿದರೆ, ಹಾಜರಿ ಕಡಿಮೆಯಾದ ದಿನ ಬೋರ್ಡಿನ ಟಾರ್ಗೆಟ್ಟನ್ನೂ ತಿದ್ದಿದರೆ, ಅದೇ ಜೋರುಬಾಯಿಯ ಮನುಷ್ಯ ‘ಹೋಗಿ ಬಾರಮ್ಮ’ ಎನ್ನುತ್ತಾರೆ. ಆದರೆ ಬದಲಿ ಟೈಲರ್ ಎಂದರೆ ಸಂಬಳ, ಪಿಎಫ್, ಇಎಸ್‌ಐ. ಮಾಲೀಕರ ಕೋಣೆಗೆ ಹೋಗಿ ಆ ಖರ್ಚನ್ನು ಯಾರಾದರೂ ಕೇಳಬೇಕು. ಸಹಾನುಭೂತಿಗೆ ಧೈರ್ಯ ಬೇಕಾಗುವುದು ಈ ಬಾಗಿಲಿನ ಹತ್ತಿರ. ಕೆಳಗಿನವರ ಹೆಗಲ ಮೇಲೆ ಕೈಯಿಟ್ಟು ಮಾತಾಡುವುದಕ್ಕೆ ಧೈರ್ಯವೇನೂ ಬೇಡ.

ನಮ್ಮ ಹುದ್ದೆ ಎಲ್ಲಿಂದ ಬಂತೆಂದು ಒಮ್ಮೆ ನೆನೆಯಬೇಕು. 1948ರ ಕಾರ್ಖಾನೆ ಕಾಯ್ದೆ, 500 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 49ನೇ ಕಲಮಿನಲ್ಲಿ ಹೇಳಿತು. ಅದರ ಹಿಂದಿನ ಕಲಮು ಕೂಸುಗಳ ಕೋಣೆಯದು. ಇನ್ನೂ ಹಿಂದಕ್ಕೆ ಹೋದರೆ 44ನೇ ಕಲಮಿನಲ್ಲಿ, ನಿಂತು ಕೆಲಸ ಮಾಡುವವರಿಗೆ ಸಮಯ ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಎಂದಿತ್ತು. ಕೂರಲು ಜಾಗ, ಮಗುವಿಗೆ ತೊಟ್ಟಿಲು, ಇವನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ. ಹೊಸ ಕಾರ್ಮಿಕ ಸಂಹಿತೆಗಳು ಬಂದ ಮೇಲೆ ಲೆಕ್ಕಗಳು ಬದಲಾಗಿವೆ, ಅದನ್ನು ಮಧ್ಯಾಹ್ನದ ಗೋಷ್ಠಿಯ ವಕೀಲರು ಹೇಳುತ್ತಾರೆ. ನಾನು ಹೇಳುವುದಿಷ್ಟೆ: ಕೆಳಗಿನ ಸಂಗತಿಯನ್ನು ಮೇಲಕ್ಕೆ ಮುಟ್ಟಿಸಲು ಕಾನೂನೇ ನಮಗೊಂದು ಕುರ್ಚಿ ಹಾಕಿಕೊಟ್ಟಿತ್ತು. ಆ ಕುರ್ಚಿಯಲ್ಲಿ ಕೂತು ನಾವು ಮಾಡಿದ್ದು ಬಹುಪಾಲು ಮೇಲಿನ ಸುತ್ತೋಲೆಗಳನ್ನು ಕೆಳಕ್ಕೆ ಓದಿ ಹೇಳುವ ಕೆಲಸ.

ಅದರ ಫಲವನ್ನು ಬೆಂಗಳೂರು 2016ರ ಏಪ್ರಿಲ್ 18 ಮತ್ತು 19ರಂದು ಕಂಡಿತು. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಕಚೇರಿಯಲ್ಲಿ ಕೂತವರಿಗೆ ಅದು ನಿವೃತ್ತಿಯ ಉಳಿತಾಯ ಕಾಯುವ ಕ್ರಮದಂತೆ ಕಂಡಿತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಎಂದರೆ ಮಗಳ ಮದುವೆ, ಮಗನ ಕಾಲೇಜು ಫೀಸು, ಕೈಸಾಲದ ತೀರುವಳಿ. ಆ ದುಡ್ಡಿಗಾಗಿಯೇ ಕೆಲಸ ಬಿಟ್ಟು, ಹಣ ಕೈಗೆ ಬಂದ ಮೇಲೆ ಇನ್ನೊಂದು ಕಾರ್ಖಾನೆಗೆ ಸೇರುವುದು ಎಷ್ಟೋ ಜನರ ರೂಢಿ. 18ರಂದು ಆ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು, ಮರುದಿನ ಪೀಣ್ಯ, ತುಮಕೂರು ರಸ್ತೆ. ಮುಂದೆ ನಿಂತು ನಡೆಸಿದ ನಾಯಕರಿಲ್ಲ, ಕರೆ ಕೊಟ್ಟ ಸಂಘವಿಲ್ಲ. ಕೆಲವೆಡೆ ವಾಹನಗಳು ಸುಟ್ಟವು, ಪೊಲೀಸರು ಲಾಠಿ ಬೀಸಿದರು. 19ರ ಹೊತ್ತಿಗೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು.

ಅಂದಿನ ಪತ್ರಿಕೆಗಳು ಇದನ್ನು ಅನಿರೀಕ್ಷಿತ ಸ್ಫೋಟ ಎಂದವು. ಪತ್ರಿಕೆಗೆ ಅನಿರೀಕ್ಷಿತವಾಗಿರಬಹುದು, ನಮಗೆ ಹೇಗಾಯಿತು? ಪಿಎಫ್ ಅರ್ಜಿಗಳಾದ ಫಾರಂ 19, ಫಾರಂ 10ಸಿ ಎರಡೂ ನಮ್ಮ ಮೇಜಿನ ಮೇಲಿಂದಲೇ ಹೋಗುತ್ತಿದ್ದವು. ಯಾವ ತಿಂಗಳಲ್ಲಿ ಹೆಚ್ಚು ಬರುತ್ತವೆ, ಶಾಲೆ ಶುರುವಾಗುವ ಮುಂಚೆ ಎಷ್ಟು, ಮದುವೆ ಕಾಲದಲ್ಲಿ ಎಷ್ಟು ಎಂದು ಗುಮಾಸ್ತರು ಕಣ್ಣುಮುಚ್ಚಿ ಹೇಳುತ್ತಿದ್ದರು. ಆ ಅರ್ಜಿಗಳಲ್ಲಿ ಇಡೀ ನಗರದ ಬಡವರ ಲೆಕ್ಕಪತ್ರವಿತ್ತು. ಅದನ್ನು ಓದಿ, ಈ ನಿಯಮ ನಮ್ಮ ಜನರನ್ನು ಬೀದಿಗೆ ತರುತ್ತದೆ ಎಂದು ಫೆಬ್ರುವರಿಯಲ್ಲೇ ಮೇಲಕ್ಕೊಂದು ಟಿಪ್ಪಣಿ ಬರೆಯುವುದು ಯಾರಿಗೂ ತಮ್ಮ ಕೆಲಸವೆಂದು ಅನಿಸಲಿಲ್ಲ. ಹತ್ತಿರವಿದ್ದೂ ಕಾಣದಿರುವುದು ಹೀಗೆ.

ಕೋಲಾರದ ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ಕೆಲಸಗಾರರ ದೊಂಬಿಯೂ ನಿಮಗೆ ಗೊತ್ತು. ಅಲ್ಲಿನ ಗಾಜು ಒಡೆದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಆಮೇಲೆ ಕಾರ್ಖಾನೆಗಳ ಇಲಾಖೆ ಕೊಟ್ಟ ವರದಿಯನ್ನು ಓದಿದವರು ಕಡಿಮೆ. ಕೆಲವೇ ತಿಂಗಳಲ್ಲಿ 5,000 ಇದ್ದ ಕೆಲಸಗಾರರು 10,500 ಆಗಿದ್ದರು, ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು, ಸರಿಪಡಿಸಿರಲಿಲ್ಲ. ಕಾರ್ಮಿಕ ಕಾನೂನು ಬಲ್ಲವರು ಸಿಬ್ಬಂದಿ ವಿಭಾಗದಲ್ಲಿ ಸಾಲದಾಗಿದ್ದರು. ದೊಂಬಿಯನ್ನು ನಾನು ಸಮರ್ಥಿಸುವುದಿಲ್ಲ. ದುಡಿದ ದಿನ ಹಾಜರಿಯಲ್ಲಿಲ್ಲ, ಓಟಿ ಸ್ಲಿಪ್ಪಿನಲ್ಲಿಲ್ಲ, ಕೇಳಲು ಹೋದರೆ ಏಜೆನ್ಸಿಯವರನ್ನು ಕೇಳು ಎನ್ನುತ್ತಾರೆ ಎಂಬ ಸ್ಥಿತಿಯಲ್ಲಿ ಅದೆಷ್ಟು ಸಂಬಳದ ದಿನಗಳು ಕಳೆದವೆಂಬುದೇ ನನ್ನ ಪ್ರಶ್ನೆ. ನನ್ನ ಮಟ್ಟಿಗೆ ಸರಿಯಾದ ಹಾಜರಿ ಪುಸ್ತಕವೇ ಗೌರವದ ಮೊದಲ ಮೆಟ್ಟಿಲು. ಹುಟ್ಟುಹಬ್ಬದ ಕೇಕು ಆಮೇಲಿನದು.

ನಮ್ಮಲ್ಲಿ ದೂರುಗಳೇ ಇಲ್ಲ ಎಂದು ಹೆಮ್ಮೆಯಿಂದ ಹೇಳುವವರಿಗಾಗಿ ಒಂದು ಮಾತು. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡಿದ್ದರು. ಲೆಕ್ಕ ತಿರುಗಾಮುರುಗಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು ದಾಖಲಾಗಿತ್ತು. ಅಲ್ಲಿ ತಪ್ಪು ಹೆಚ್ಚು ನಡೆಯುತ್ತಿತ್ತು ಎಂದಲ್ಲ, ಹೇಳಲು ಭಯವಿರಲಿಲ್ಲ. ಕ್ಯಾಂಟೀನಿನ ಗೋಡೆಗೆ ಹೊಡೆದ ನಮ್ಮ ದೂರು ಪೆಟ್ಟಿಗೆಗಳು ಖಾಲಿ ಇರುವುದಕ್ಕೂ ಕಾರಣ ಹುಡುಕಬೇಕು. ಒಡಿಶಾ, ಜಾರ್ಖಂಡಿನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿ ಅದರೊಳಗೆ ಯಾವ ಭಾಷೆಯಲ್ಲಿ ಬರೆದು ಹಾಕಬೇಕು? ಬೀಗದ ಕೈ ಯಾರ ಹತ್ತಿರ ಇದೆ? ಬಹಳ ಕಡೆ ಅದು ಪ್ರೊಡಕ್ಷನ್ ಮ್ಯಾನೇಜರರ ಡ್ರಾಯರಿನಲ್ಲೇ ಇರುತ್ತದೆ.

ಒತ್ತಡವನ್ನು ತಮ್ಮಲ್ಲೇ ನಿಲ್ಲಿಸಿಕೊಂಡವರ ಉದಾಹರಣೆ ಕೊಡಿ ಎಂದರೆ ನನಗೆ ಹೊಳೆಯುವುದು ಸತೀಶ್ ಧವನ್ ಅವರ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋ ಅಧ್ಯಕ್ಷರಾದವರು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಶ್ರೀಹರಿಕೋಟದಿಂದ ಹಾರಿ, ಎರಡನೇ ಹಂತದ ನಿಯಂತ್ರಣ ಕೈಕೊಟ್ಟು ಕೆಲವೇ ನಿಮಿಷಗಳಲ್ಲಿ ಬಂಗಾಳಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದವರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಧವನ್. ಮುಂದಿನ ವರ್ಷ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಪತ್ರಕರ್ತರ ಮುಂದೆ ಹೋಗೆಂದು ಕಲಾಂ ಅವರನ್ನು ಕಳಿಸಿದರು. ಇದನ್ನು ನೀವು ಎಷ್ಟೋ ಕಾರ್ಯಾಗಾರಗಳಲ್ಲಿ ಕೇಳಿದ್ದೀರಿ, ಕೇಳಿ ಚಪ್ಪಾಳೆಯನ್ನೂ ತಟ್ಟಿದ್ದೀರಿ.

ನನ್ನ ಗಮನ ಇರುವುದು ಆ ಎರಡು ಪತ್ರಿಕಾಗೋಷ್ಠಿಗಳ ನಡುವಿನ ಸುಮಾರು ಒಂದು ವರ್ಷದ ಮೇಲೆ. ಜನರ ತೆರಿಗೆ ಹಣ ಸಮುದ್ರಕ್ಕೆ ಹೋಯಿತೆಂದು ಟೀಕೆ ಇತ್ತು. ಅಂಥ ಹೊತ್ತಿನಲ್ಲಿ ಒಬ್ಬರ ತಲೆ ಉರುಳಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಯೋಜನೆಯ ನಿರ್ದೇಶಕರು ಬದಲಾಗಲಿಲ್ಲ. ನಿಯಂತ್ರಣ ವ್ಯವಸ್ಥೆಯ ಯಾವ ಕವಾಟದಲ್ಲಿ ಆಮ್ಲ ಸೋರಿತು, ಯಾಕೆ ಸೋರಿತು ಎಂಬ ಹುಡುಕಾಟ ನಡೆಯಿತು, ಯಾರು ಎಂಬುದಲ್ಲ. ನಮ್ಮಲ್ಲಿ ಒಂದು ಶಿಪ್‌ಮೆಂಟ್ ತಪ್ಪಿದರೆ ಸಂಜೆಯೊಳಗೆ ಮೂವರಿಗೆ ಮೆಮೊ, ವಾರದೊಳಗೆ ಒಬ್ಬರಿಗೆ ವರ್ಗಾವಣೆ. ಆಮೇಲೆ ಮುಂದಿನ ಸಲ ಅದೇ ಕಾರಣಕ್ಕೆ ಅದೇ ಶಿಪ್‌ಮೆಂಟ್ ತಪ್ಪುತ್ತದೆ, ಮೆಮೊ ಹೋಗುವ ಹೆಸರು ಮಾತ್ರ ಬೇರೆ.

ಧವನ್ ಅವರಿಗೆ ಇಸ್ರೋ ಇತ್ತು, ನಮಗೆ ಮಾಲೀಕರು ಇದ್ದಾರೆ ಎಂದು ನೀವು ಹೇಳಬಹುದು. ಸರಿಯಾದ ಆಕ್ಷೇಪ. ಸಿಬ್ಬಂದಿ ವಿಭಾಗದವರಿಗೂ ಮನೆ ಸಾಲದ ಕಂತು ಇರುತ್ತದೆ. ಆದರೆ ಮಾಲೀಕರ ಮುಂದೆ ನಿಲ್ಲುವುದಕ್ಕೆ ವೀರಾವೇಶವೇ ಬೇಕಿಲ್ಲ, ಲೆಕ್ಕವೂ ಕೆಲಸ ಮಾಡುತ್ತದೆ. ಹೊಸ ಟೈಲರ್ ಬಂದು ಕೈ ಕುದುರಿ ಪೂರ್ತಿ ಪೀಸು ಕೊಡುವಷ್ಟರಲ್ಲಿ ವಾರಗಳೇ ಹೋಗುತ್ತವೆ. ತಿಂಗಳಿಗೆ ಎಷ್ಟು ಜನ ಬಿಟ್ಟುಹೋದರು, ಯಾವ ಲೈನಿನಿಂದ ಹೋದರು, ಆ ಖಾಲಿ ಮಿಷನ್ನುಗಳಿಂದ ಎಷ್ಟು ಪೀಸು ಕಡಿಮೆ ಬಿತ್ತು ಎಂಬುದನ್ನು ಬದಲಿ ಟೈಲರ್‌ಗಳ ಸಂಬಳದ ಪಕ್ಕ ಬರೆದು ಒಂದು ಹಾಳೆಯಲ್ಲಿ ಕೊಡಿ. ನಾನು ಕಂಡ ಮಾಲೀಕರಲ್ಲಿ ಕಣ್ಣೀರಿಗೆ ಕರಗದವರು ಇದ್ದರು, ಆ ಹಾಳೆಯನ್ನು ಓದದೆ ಪಕ್ಕಕ್ಕಿಟ್ಟವರು ಇರಲಿಲ್ಲ. ಎಲ್ಲರೂ ಒಪ್ಪಿದರು ಎಂದು ಹೇಳುತ್ತಿಲ್ಲ. ಅರ್ಧ ಒಪ್ಪಿದರೂ ಎರಡು ಲೈನಿಗೆ ಉಸಿರು ಬರುತ್ತದೆ.

ಸಂಜೆ ಮಂಡಿಸಲಿರುವ ನಿರ್ಣಯಗಳ ಕರಡನ್ನು ಓದಿದೆ. ನಾಯಕತ್ವ ತರಬೇತಿ, ಮಾನಸಿಕ ಆರೋಗ್ಯದ ಸಹಾಯವಾಣಿ ಎಲ್ಲವೂ ಇರಲಿ. ನನ್ನದೊಂದು ತಿದ್ದುಪಡಿ: ಮುಂದಿನ ಸಮ್ಮೇಳನಕ್ಕೆ ಪ್ರತಿಯೊಬ್ಬ ಪ್ರತಿನಿಧಿಯೂ ತಮ್ಮ ಕಾರ್ಖಾನೆಯ ಒಬ್ಬ ಲೈನ್ ಸೂಪರ್‌ವೈಸರನ್ನು ಕರೆತರಬೇಕು, ಆ ದಿನ ಅವರ ಹಾಜರಿಯನ್ನು ಆನ್ ಡ್ಯೂಟಿ ಎಂದು ಬರೆಯಬೇಕು, ಇದೇ ವೇದಿಕೆಯಲ್ಲಿ ಒಂದು ಗೋಷ್ಠಿ ಅವರದಾಗಬೇಕು. ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ ಇದನ್ನು ಕೆಲವರ ಕಿವಿಗೆ ಹಾಕಿದೆ. ‘ಅವರು ಇಲ್ಲಿಗೆ ಬಂದರೆ ಲೈನ್ ನೋಡಿಕೊಳ್ಳುವವರು ಯಾರು?’ ಎಂದು ಕೂಡಲೇ ಕೇಳಿದರು. ಚರ್ಚೆಯನ್ನು ಆ ಪ್ರಶ್ನೆಯಿಂದಲೇ ಶುರುಮಾಡೋಣ. ಮೊದಲ ಗೋಷ್ಠಿಯವರು ವೇದಿಕೆಗೆ ಬರಬಹುದು.