ಗೋಡೆಯ ಬಣ್ಣ, ಮಲೆನಾಡಿನ ಬೆಳಕು



ಕೃಷಿ ವಿಜ್ಞಾನ ಓದಿದವನಿಗೆ ಗೋಡೆಯ ಬಣ್ಣದ ಗೊಡವೆ ಏಕೆಂದು ಕೇಳಬಹುದು. ಗೋಡೆಯೂ ಮಣ್ಣೇ ತಾನೇ!

ನಮ್ಮ ಹಳೆಯ ಮನೆಗಳಲ್ಲಿ ಗೋಡೆಯ ಬುಡಕ್ಕೆ ಕೆಮ್ಮಣ್ಣು, ಮೇಲೆ ಸುಣ್ಣ. ಸೂರಿನ ನೀರು ಬಿದ್ದು ಸಿಡಿಯುವ ಕೆಸರು ಕೆಂಪು ಪಟ್ಟಿಯಲ್ಲಿ ಎದ್ದು ಕಾಣದು. ಮಾಡು ತಗ್ಗಾದ ಮನೆಯೊಳಗೆ ಮಳೆಗಾಲದ ಮಂದ ಬೆಳಕನ್ನು ಸುಣ್ಣದ ಬಿಳುಪು ಮೂಲೆಮೂಲೆಗೂ ಹರಡುತ್ತದೆ. ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರದಲ್ಲಿ ಅಕ್ಕಿಹಿಟ್ಟಿನ ಬಿಳಿಗೆರೆ ಮೂಡುವುದೂ ಕೆಮ್ಮಣ್ಣು ಬಳಿದ ಗೋಡೆಯ ಮೇಲೆಯೇ.

ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ. ಆದರೂ ಗೋಡೆಯ ತೇವ ಹೊರಹೋಗಲು ಬಿಡುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸದು. ಇದನ್ನೆಲ್ಲ ಬಲ್ಲ ನಾನೇ ನಮ್ಮ ಮಣ್ಣಿನ ಗೋಡೆಗೆ ಕಡುನೀಲಿ ಪ್ಲಾಸ್ಟಿಕ್ ಪೇಂಟ್ ಬಳಿಸಿದೆ. ಎರಡು ಮಳೆಗಾಲದಲ್ಲಿ ಅದು ಗುಳ್ಳೆಯೆದ್ದು, ಮಣ್ಣಿನ ಸಮೇತ ಕಳಚಿತು. ಅಲ್ಲಿಯವರೆಗೆ ಹಗಲಲ್ಲೂ ದೀಪ ಹಾಕಬೇಕಿತ್ತು. ಅಮ್ಮನ ಮೂದಲಿಕೆ ಬೇರೆ.

ಪೇಂಟೇ ಬೇಡವೆನ್ನುತ್ತಿಲ್ಲ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಓದಿ ಕೊಳ್ಳಿ. ಅದಕ್ಕೂ ಹಿಂದೆ ಎನಾಮೆಲ್ ಬಳಿದ ಬಾಗಿಲುಗಳನ್ನು ಒಣದಾಗಿ ಉಜ್ಜಬೇಡಿ. ಆ ಧೂಳಿನ ಸೀಸ ಮಕ್ಕಳ ಮಿದುಳಿಗೆ ಕೇಡು.

ಇನ್ನು ಬಣ್ಣದ ಆಯ್ಕೆ. ದೀಪಾವಳಿಯ ಹೊತ್ತಿಗೆ ಅಂಗಡಿಗೆ ಹೋಗುವ ಮುನ್ನ, ಆಷಾಢದ ಒಂದು ಮಧ್ಯಾಹ್ನ ದೀಪ ಆರಿಸಿ, ನಿಮ್ಮ ಜಗಲಿಯಲ್ಲಿ, ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿ.